ರಾಜಬೀದಿ ಹಿಂದಕ್ಕೆ ಹೋದ ದಿನ

ಹೆಸರುವಾಸಿಯಾದ ಆ ರಾಜಬೀದಿಯಲ್ಲಿ ಅಂದು ಸಿನಿಮಾ ಶೂಟಿಂಗ್. ಬೆಳಗಾಗುವಷ್ಟರಲ್ಲಿ ಇಡೀ ಬೀದಿಯನ್ನು ನಲವತ್ತು ವರ್ಷ ಹಿಂದಕ್ಕೆ ತಳ್ಳಿಬಿಟ್ಟಿದ್ದರು. ಹಳೇ ಕಾರು, ಹಳೇ ಬೋರ್ಡು, ಹಳೇ ಕಾಲದ ಬಟ್ಟೆ ತೊಟ್ಟ ಜನ. ಅಪ್ಪ ಹೋದಮೇಲೆ ಚಪ್ಪಲಿ ಅಂಗಡಿ ನಡೆಸುತ್ತಿದ್ದ ಮಗಳಿಗೆ ತನ್ನ ಅಂಗಡಿಯೇ ಗುರುತು ಹತ್ತಲಿಲ್ಲ.

ಬಾಗಿಲು ತೆಗೆದು ಇನ್ನೂ ಕೂತಿರಲಿಲ್ಲ, ಒಬ್ಬರು ಅಜ್ಜಿ ಒಳಗೆ ಬಂದರು.

"ನಿಮ್ಮಪ್ಪನ್ನ ಕರಿಯಮ್ಮ. ಚಪ್ಪಲಿ ಬೇಕಿತ್ತು."

ಇವರು ನಟಿಯೋ, ಗಿರಾಕಿಯೋ? ಕ್ಯಾಮೆರಾ ಎಲ್ಲಾದರೂ ಅವಿತಿದೆಯೋ? ಮಗಳು ಕಕ್ಕಾಬಿಕ್ಕಿಯಾದಳು. ಸಿನಿಮಾದ ಮಾತೇ ಇರಬೇಕೆಂದು, ಕೂದಲು ಸರಿಮಾಡಿಕೊಂಡು, "ಈಗ ಬರ್ತಾರೆ, ಕೂತ್ಕೊಳ್ಳಿ" ಎಂದಳು.

ಅಜ್ಜಿಯ ಮುಖ ಬಿಳಿಚಿಕೊಂಡಿತು. ಏನೋ ಎಡವಟ್ಟಾಯಿತೆಂದು ಮಗಳು ಹೊರಗೋಡಿ, ಅಜ್ಜಿಯನ್ನು ತೋರಿಸಿ ಶೂಟಿಂಗಿನವನೊಬ್ಬನನ್ನು ಕೇಳಿದಳು.

"ಅವರು ನಮ್ಮವರಲ್ಲ ಮೇಡಂ" ಎಂದ ಅವನು.

ಅವಳು ನಾಚಿಕೆಯಿಂದ ಕುಗ್ಗಿಹೋಗಿ ಒಳಗೆ ಬಂದಳು. "ತಪ್ಪಾಯ್ತು ಅಜ್ಜಿ. ಅಪ್ಪ ತೀರಿಕೊಂಡು ಎಷ್ಟೋ ವರ್ಷ ಆಯ್ತು. ಹೊರಗೆ ಸಿನಿಮಾ ತೆಗೀತಿದಾರೆ, ನೀವೂ ಅವರ ಕಡೆಯವರು ಅಂದ್ಕೊಂಡೆ."

ಅಜ್ಜಿ ನಿರಾಳವಾಗಿ ನಿಟ್ಟುಸಿರುಬಿಟ್ಟರು. "ಆಗೆಲ್ಲ ನಿಮ್ಮಪ್ಪನ ಹತ್ರಾನೇ ಚಪ್ಪಲಿ ತಗೋತಿದ್ದೆ. ಅವರು ಹೋದದ್ದು ನಂಗೂ ಗೊತ್ತಮ್ಮ. ಆದ್ರೆ ಬಸ್ಸಿಳಿದು ನೋಡಿದ್ರೆ ಬೀದಿಯೆಲ್ಲ ಆಗಿನದೇ! ನಂಗೇ ತಲೆ ಕೆಟ್ಟಿತೇನೋ ಅಂತ ಹೆದರಿ, ಕೇಳಿ ನೋಡೋಣ ಅಂತ ಬಂದೆ. ನೀನು ನೋಡಿದ್ರೆ ಬರ್ತಾರೆ ಅಂತೀಯ!"

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಮಗಳು ಅಜ್ಜಿಯ ಕೈ ಹಿಡಿದುಕೊಂಡು ಪಕ್ಕದಲ್ಲೇ ಕೂತಳು.