ಪುರಾವೆಗೊಂದು ಫೋಟೋ

ಊರಿನ ಚಿಕ್ಕಪುಟ್ಟ ಸೇವಾ ತಂಡಗಳಿಗೆ ಕೂರಲು ಜಾಗ, ಕಾಗದಪತ್ರಕ್ಕೆ ನೆರವು, ಹೊಸಬರಿಗೆ ತರಬೇತಿ ಕೊಡುವ ಕಚೇರಿ ಅವಳದು. ಅಂಥ ಕಚೇರಿಗಳ ಒಕ್ಕೂಟದ ವಾರ್ಷಿಕ ಸಮ್ಮೇಳನಕ್ಕೆ ಈ ಸಲ ಚಿಕ್ಕಮ್ಮನನ್ನೂ ಕರೆತಂದಿದ್ದಳು. ಚಿಕ್ಕಮ್ಮ ಹತ್ತೊಂಬತ್ತು ವರ್ಷದಿಂದ ಆಸ್ಪತ್ರೆಯಲ್ಲಿ, ಹಿಂದುಮುಂದು ಯಾರೂ ಇಲ್ಲದೆ ಸಾಯುತ್ತಿರುವವರ ಪಕ್ಕ ಕೂರುತ್ತಿದ್ದರು. ಕೈ ಹಿಡಿಯುವುದು, ಕೇಳಿದರೆ ತುಟಿಗೆ ನೀರು ಹಚ್ಚುವುದು, ಅಷ್ಟೇ. ಅದರ ಬಗ್ಗೆ ಹದಿನೈದು ನಿಮಿಷ ಮಾತಾಡಿ ಎಂದು ಕರೆದಿದ್ದರು.

ಹತ್ತಕ್ಕೆ ಶುರುವಾದ ಅಧ್ಯಕ್ಷರ ಕೊರೆತ ಹನ್ನೊಂದೂವರೆಯಾದರೂ ಮುಗಿಯುವ ಲಕ್ಷಣವಿರಲಿಲ್ಲ. ಉಸಿರಿಗೊಮ್ಮೆ ‘ತಳಮಟ್ಟ’ ಎನ್ನುತ್ತಿದ್ದರು. ಮುಂದಿನ ಸಾಲಿನವರು ತೂಕಡಿಸುತ್ತಲೇ ತಲೆಯಾಡಿಸುತ್ತಿದ್ದರು. ಅವಳ ಕುರ್ಚಿಯ ಕೆಳಗೆ ಯಾರೋ ಬಿಟ್ಟ ಕಾಫಿ ಲೋಟದಲ್ಲಿ ಬಿಸ್ಕತ್ತು ನೆನೆದು ಉಬ್ಬಿತ್ತು. ಅದನ್ನೂ ಈ ಸಭೆಯನ್ನೂ ನೋಡಿ ಅವಳಿಗೆ ಹೇಸಿಗೆಯಾಗುತ್ತಿತ್ತು.

ಕಾರ್ಯದರ್ಶಿ ಬಗ್ಗಿ ಚಿಕ್ಕಮ್ಮನ ಕಿವಿಯಲ್ಲಿ ಹೇಳಿದ: "ಅಮ್ಮಾ, ಟೈಮಿಲ್ಲ, ನಿಮ್ಮದು ಎರಡೇ ನಿಮಿಷ. ಸ್ವಲ್ಪ ಕಣ್ಣೀರು ಬರೋ ಹಾಗೆ ಹೇಳಿಬಿಡಿ."

"ಯಾರ ಕಣ್ಣೀರಪ್ಪಾ?" ಎಂದರು ಚಿಕ್ಕಮ್ಮ.

ಅವನು ಹಲ್ಲುಕಿರಿದು ಜಾರಿಕೊಂಡ. ಅಷ್ಟರಲ್ಲಿ ಪರದೆಯ ಮೇಲೆ ಗೋಡೆಯಗಲದ ಮುಖವೊಂದು ಬಂತು. ಒಳಹೊಕ್ಕ ಕೆನ್ನೆ, ಅರೆತೆರೆದ ಬಾಯಿ, ಗದ್ದದ ಮೇಲೆ ಜೊಲ್ಲು. ಕೆಳಗೆ ದಪ್ಪಕ್ಷರದಲ್ಲಿ ‘ನಮ್ಮ ಸಾಧನೆ’. ಸಭೆ ಚಪ್ಪಾಳೆ ತಟ್ಟಿತು.

ಚಿಕ್ಕಮ್ಮ ಅವಳ ಮೊಣಕೈ ಹಿಡಿದರು. "ನಮ್ಮ ವಾರ್ಡಿನ ದರ್ಜಿ ಅಲ್ವೇನೇ? ಯಾರೂ ನೋಡಬಾರದು ಅಂತ ಯಾವಾಗಲೂ ಗೋಡೆ ಕಡೆ ತಿರುಗಿ ಮಲಗೋರು. ನಿದ್ದೆ ಹತ್ತಿದ ಮೇಲೇ ಈ ಕಡೆ ಹೊರಳ್ತಿದ್ದರು. ಇದನ್ನ ಯಾವ ಪಾಪಿ ತೆಗೆದ?"

ವರದಿಯ ಜೊತೆ ಪುರಾವೆಗೊಂದು ಫೋಟೋ ಇರಲೇಬೇಕು ಎಂದು ಒಕ್ಕೂಟದವರು ಪೀಡಿಸಿದ್ದರು. ಆವತ್ತು ವಾರ್ಡಿನ ಬಾಗಿಲಲ್ಲಿ ನಿಂತು ತೆಗೆದವಳು ಅವಳೇ. ಚಿಕ್ಕಮ್ಮನ ಬೆನ್ನು ಅಡ್ಡ ಬಂದಿತ್ತೆಂದು ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಮುಖ ಚೆನ್ನಾಗಿ ಬರುವ ಹಾಗೆ ತೆಗೆದಿದ್ದಳು. ಇಷ್ಟು ಹೊತ್ತು ಸಭೆಯ ಮೇಲಿದ್ದ ಹೇಸಿಗೆಯೆಲ್ಲ ತಿರುಗಿ ಅವಳ ಮೈಗೇ ಮೆತ್ತಿಕೊಂಡಿತು.

ಎದ್ದು ಸೀದಾ ವೇದಿಕೆಯ ಪಕ್ಕದ ಮೇಜಿಗೆ ಹೋಗಿ ಲ್ಯಾಪ್‌ಟಾಪ್‌ನ ವಯರು ಕಿತ್ತಳು. ಪರದೆ ನೀಲಿಯಾಯಿತು.

"ಏನಮ್ಮಾ ಇದು ಅಸಭ್ಯತನ?" ಅಧ್ಯಕ್ಷರು ಗದರಿದರು.

"ಅಸಭ್ಯತನ ನಾನು ಮಾಡಿದ್ದು ಹೋದ ವರ್ಷ ಸಾರ್, ಈ ಫೋಟೋ ತೆಗೆದಾಗ," ಎಂದಳು. ಮೈಕಿಲ್ಲದಿದ್ದರೂ ಎಲ್ಲರಿಗೂ ಕೇಳಿಸಿತು, ಚಿಕ್ಕಮ್ಮನಿಗೂ.

ವಾಪಸು ಬಸ್ಸಿನಲ್ಲಿ ಚಿಕ್ಕಮ್ಮ ಬೇರೆ ಸೀಟಿನಲ್ಲಿ ಕೂತರು. ಹನ್ನೆರಡು ದಿನ ಮಾತೇ ಆಡಲಿಲ್ಲ. ಅಷ್ಟರಲ್ಲಿ ಅವಳು ಒಕ್ಕೂಟಕ್ಕೆ ಮೂರು ಸಲ ಬರೆದು ಆ ಫೋಟೋವನ್ನು ಅಳಿಸಿಹಾಕಿಸಿದಳು. ಹದಿಮೂರನೆಯ ದಿನ ಚಿಕ್ಕಮ್ಮ ಕಚೇರಿಗೆ ಬಂದು, ಚೀಲ ಕೆಳಗಿಡದೆ, ನಿಂತೇ ಹೇಳಿದರು:

"ನಾಳೆಯಿಂದ ನನ್ನ ಜೊತೆ ಬಂದು ಕೂರು. ಫೋನು ಇಲ್ಲೇ ಇಟ್ಟು ಬಾ."