ಲಾಲ್ ಇಮಾರತಿನ ಮುಂದಿನ ಮೆಟ್ಟಿಲು

"ಏ ರಂಡಿ, ಇಳಿ ಕೆಳಗ! ಮುಂದಿನ ಪಾವಟಗಿ ನಿಮ್ಮಪ್ಪ ಕಟ್ಟಿಸ್ಯಾನೇನ?"

ಮಾಲೀಕರ ಮನುಷ್ಯ ಭಗವಂತನ ಕೂಗಿಗೆ ಯಂಕಮ್ಮ ಮೊದಲ ಮೆಟ್ಟಿಲಿಗಿಟ್ಟ ಕಾಲನ್ನು ಹಿಂದಕ್ಕೆ ತೆಗೆದಳು. ಕೈಯಲ್ಲಿ ಬಕೀಟು, ಬಿದಿರಿನ ಸೀಳು.

ಶಹಾಬಾದದಲ್ಲಿ ಹಂದಿಗೂಡಿಗೂ ಕಲ್ಲು. ಈ ಮೂರಂತಸ್ತು ಮಾತ್ರ ಕೆಂಪು ಇಟ್ಟಂಗಿಯದು. ಅದಕ್ಕೇ ಲಾಲ್ ಇಮಾರತು. ಇವತ್ತು ಅದಕ್ಕೆ ನೂರು ವರ್ಷ ತುಂಬಿತ್ತು. ಬಾಗಿಲಿಗೆ ಚೆಂಡುಹೂವು, ಅಂಗಳದಲ್ಲಿ ಶಾಮಿಯಾನ. ಮೇಲೆ, ಮೂರನೆಯ ಅಂತಸ್ತಿನ ಸಂಡಾಸು ಕಟ್ಟಿಕೊಂಡಿತ್ತು.

ಸಂಡಾಸು ತೊಳೆಯುವವರಿಗೆಂದೇ ಕಟ್ಟಡದ ಹಿಂಬದಿಗೆ ಕಬ್ಬಿಣದ ಸುತ್ತುಮೆಟ್ಟಿಲಿತ್ತು. ಯಂಕಮ್ಮನ ಅಜ್ಜಿ, ಅವ್ವ ಹತ್ತಿದ್ದು ಅದನ್ನೇ. ಕಳೆದ ವಾರ ಅದರ ಎರಡು ಮೆಟ್ಟಿಲು ತುಕ್ಕು ತಿಂದು ಕಳಚಿ ಬಿದ್ದಿದ್ದವು.

"ಅಲ್ಲಿ ಕಾಲಿಡ್ಲಿಕ್ಕ ಜಾಗಿಲ್ರಿ ಯಪ್ಪಾ."

"ಪೈಪ್ ಹಿಡ್ಕೊಂಡು ಹತ್ತು. ಮಂಗ್ಯಾನಂಥಾಕಿ, ಹತ್ತಾಕ ಬರಲ್ದೇನ?"

ಕಟ್ಟಡದ ಚರಿತ್ರೆ ಬರೆದ ನಿವೃತ್ತ ಉಪನ್ಯಾಸಕ ರಘೂತ್ತಮರಾಯರು ಹೊಸ ಪುಸ್ತಕಗಳ ಕಟ್ಟು ಹಿಡಿದು ಬಂದರು. "ಆ ಹಿಂದಿನ ಮೆಟ್ಲಂದ್ರ ಸಾದಾ ಅಲ್ಲವಾ. ಮುಂಬೈದಾಗ ಎರಕ ಹೊಯ್ಸಿದ್ದು. ಅದರ ಮ್ಯಾಲ ಒಂದು ಅಧ್ಯಾಯನೇ ಬರ್ದೀನಿ."

"ನಮ್ಮವ್ವ ಅದರ ಮ್ಯಾಲಿಂದ ಬಿದ್ದು ಸತ್ತದ್ದು ಬರ್ದೀರೇನ್ರಿ?"

ರಾಯರು ಕನ್ನಡಕ ಒರೆಸಿಕೊಂಡರು.

"ಬಿದ್ದೋರನ್ನೆಲ್ಲಾ ಬರ್ಕೋತ ಕುಂತ್ರ ಪುಸ್ತಕ ಮುಗೀತದೇನವಾ?"

ಅವತ್ತು ಯಂಕಮ್ಮನ ಅವ್ವನ ಜೊತೆ ಮಲದ ಬುಟ್ಟಿಯೂ ಬಿದ್ದಿತ್ತು. ಚೆಲ್ಲಿದ ಹೊಲಸನ್ನು ಬಳಿದ ಮೇಲೆಯೇ ಹೆಣ ಎತ್ತಬೇಕೆಂದು ಇವಳಿಗೆ ಹೇಳಿದ್ದರು. ಇವಳು ಬಳಿದಿದ್ದಳು.

ಮೂರನೆಯ ಅಂತಸ್ತಿನ ಬಾಡಿಗೆ ಮನೆಯ ಲೀಲಾಬಾಯಿ ಮೇಲಿನಿಂದ ಚೀರಿದಳು: "ಅಯ್ಯಯ್ಯೋ, ಸಂಡಾಸ ತುಂಬಿ ಹೊರಗ ಬರ್ಲಿಕತ್ತದ್ರೋ!"

ನಾತ ಮೊದಲು ಬಂತು. ಆಮೇಲೆ ನೀರು, ಮುಂದಿನ ಮೆಟ್ಟಿಲ ಮೇಲೆ ಒಂದೊಂದಾಗಿ ಇಳಿಯುತ್ತ. ಗೇಟಿನಲ್ಲಿ ಅತಿಥಿಗಳ ಕಾರು ನಿಂತಿತು. ಭಗವಂತನ ದನಿ ಮೆತ್ತಗಾಯಿತು.

"ಯಂಕವ್ವಾ, ಲಗೂನ ಹತ್ತವಾ. ಮುಂದಿಂದೇ ಹತ್ತು. ಇವತ್ತೊಂದಿನ ಅಷ್ಟೇ ಮತ್ತ."

ಯಂಕಮ್ಮ ಬಕೀಟನ್ನು ಬಾಗಿಲಿಗೆ ಅಡ್ಡ ಬೋರಲು ಹಾಕಿ ಅದರ ಮೇಲೆ ಕುಳಿತಳು.

"ಒಂದಿನದ ಹಂಗು ನಂಗ ಬ್ಯಾಡ."

"ಏಳಲೇ ಬೋಸುಡೀ! ಮಂದಿ ಬಂತು!"

"ಬರ್ಲಿ. ನೋಡ್ಲಿ."

ನೀರು ಅವಳ ಪಾದ ಮುಟ್ಟಿತು. ಅವಳು ಕಾಲೆತ್ತಲಿಲ್ಲ. ಅದು ಅವಳನ್ನು ಬಳಸಿ ಹೊಸ್ತಿಲು ದಾಟಿ ಅಂಗಳಕ್ಕೆ ಹರಿಯಿತು. ಶಾಮಿಯಾನದಲ್ಲಿದ್ದವರು ಒಬ್ಬೊಬ್ಬರಾಗಿ ಕುರ್ಚಿ ಹತ್ತಿದರು.