ಬಾಗಿಲಿಲ್ಲದ ಎಂಜಿ

ಮುಂಬೈ ಹತ್ತಿರದ ಕಲ್ಯಾಣದಲ್ಲಿ, ಖಾಡಿಯ ಹಿನ್ನೀರಿನ ಪಕ್ಕದ ಗಲ್ಲಿಯಲ್ಲಿ ಚಂದ್ರಬಾಯಿ ಎಂಬ ಮುದುಕಿ ಹಪ್ಪಳ ಮಾಡಿ ಮಾರುತ್ತಿದ್ದರು. 1993ರ ಬೇಸಿಗೆಯಲ್ಲಿ ಸುಗುಣಾ ಅಲ್ಲಿಗೆ ಹೋದದ್ದು ಹಪ್ಪಳಕ್ಕೇ. ಚಂದ್ರಬಾಯಿ ಒಳಗೆ ಪೊಟ್ಟಣ ಕಟ್ಟುತ್ತಿದ್ದಾಗ, ಹಿತ್ತಿಲಿನ ತಗಡಿನ ಶೆಡ್ಡಿನಲ್ಲಿ ತಾಡಪತ್ರಿಯ ಕೆಳಗಿನಿಂದ ಎರಡು ದುಂಡು ದೀಪಗಳು ಹೊರಗೆ ನೋಡುತ್ತಿರುವುದು ಸುಗುಣಾಳ ಕಣ್ಣಿಗೆ ಬಿತ್ತು. ಹತ್ತಿರ ಹೋಗಿ ತಾಡಪತ್ರಿ ಸರಿಸಿದಳು. ಉದ್ದನೆಯ ಮೂತಿ, ಅಲೆಯ ಹಾಗೆ ಇಳಿದ ಮಡ್‌ಗಾರ್ಡು, ಎರಡೇ ಸೀಟು, ಹಿಂದೆ ಬೆನ್ನಿಗೆ ಕಟ್ಟಿಕೊಂಡಂತಿದ್ದ ಸ್ಟೆಪ್ನಿ. ಮೂತಿಯ ಮೇಲೆ ಎಂಟು ಮೂಲೆಯ ಬಿಲ್ಲೆಯಲ್ಲಿ ಎಂ, ಜಿ ಎಂಬ ಎರಡು ಅಕ್ಷರ. ಡ್ರೈವರ್ ಸೀಟಿನಲ್ಲಿ ಒಂದು ಕೆಂಪು ಕೋಳಿ ಕಾವಿಗೆ ಕೂತಿತ್ತು.

ಸುಗುಣಾ ಡೊಂಬಿವಲಿಯ ಕೈಗಾರಿಕಾ ಪ್ರದೇಶವಾದ ಎಂಐಡಿಸಿಯ ಒಂದು ಇಂಜಿನಿಯರಿಂಗ್ ಕಂಪನಿಯಲ್ಲಿ ಡ್ರಾಯಿಂಗ್ ಮಾಡುವವಳು. ಹದಿನೆಂಟು ವರ್ಷಗಳಿಂದ ಅವಳು ಬರೆದದ್ದೆಲ್ಲ ಆಸಿಡ್ ತುಂಬುವ ಟ್ಯಾಂಕು, ಪೈಪು, ಅವುಗಳ ಬೋಲ್ಟು. ಒಂದು ಕಡೆ ಕೂರಿಸಿದರೆ ಅಲ್ಲೇ ಇರುವ ವಸ್ತುಗಳು. ಹಿಂದಿನ ವರ್ಷ, ಯಾರೂ ಕೇಳದಿದ್ದರೂ, ಮೋಟರ್ ಸ್ಕೂಲಿಗೆ ಸೇರಿ ಡ್ರೈವಿಂಗ್ ಕಲಿತಿದ್ದಳು. ಗಂಡ ಕಮಲಾಕ್ಷನಿಗೆ ಸ್ಟೇಷನ್ ಬಳಿ ಸಣ್ಣ ಸಸ್ಯಾಹಾರಿ ಹೋಟೆಲು. ಮನೆಯಿಂದ ನಡೆದುಕೊಂಡೇ ಹೋಗುವಷ್ಟು ದೂರ. ಕಾರಿನ ಅಗತ್ಯ ಆ ಮನೆಗೆ ಯಾವತ್ತೂ ಬಿದ್ದಿರಲಿಲ್ಲ.

ಕಾರು ಚಂದ್ರಬಾಯಿಯ ಗಂಡನದು. ಊರಿಗೆ ಹಿಂದಿರುಗುತ್ತಿದ್ದ ಒಬ್ಬ ಇಂಗ್ಲಿಷ್ ಇಂಜಿನಿಯರನಿಂದ ಅವರು ಕೊಂಡಿದ್ದರಂತೆ. ಗಂಡ ತೀರಿಹೋದ ಮೇಲೆ ಅದು ಶೆಡ್ಡು ಬಿಟ್ಟು ಹೊರಬಂದಿರಲಿಲ್ಲ.

"ಇದನ್ನು ಕೊಡ್ತೀರಾ?" ಎಂದು ಸುಗುಣಾ ಮರಾಠಿಯಲ್ಲಿ ಕೇಳಿದಳು. ಕೇಳಿದ ಮೇಲೆ ಅವಳಿಗೇ ಗಾಬರಿಯಾಯಿತು.

ಚಂದ್ರಬಾಯಿ ಅವಳನ್ನೂ ಕಾರನ್ನೂ ಒಂದು ಸಲ ನೋಡಿದರು. "ಕೊಡ್ತೇನೆ. ಆದರೆ ಈಗಲ್ಲ. ಕೋಳಿ ಎದ್ದ ಮೇಲೆ ಬಾ."

ಮರಿಗಳು ಮೊಟ್ಟೆಯೊಡೆದು ಹೊರಬಂದು ತಾಯಿಯ ಹಿಂದೆ ಓಡಾಡತೊಡಗಿದ ಮೇಲೆ ಸುಗುಣಾ ಒಬ್ಬ ಮೆಕ್ಯಾನಿಕನನ್ನು ಕರೆದುಕೊಂಡು ಹೋದಳು. ಹೊಸ ಬ್ಯಾಟರಿ, ಹೊಸ ಟಯರು, ಬ್ರೇಕಿಗೆ ಹೊಸ ರಬ್ಬರು. ಕೀಲಿ ತಿರುಗಿಸಿದಾಗ ಒಳಗೆ ಪೆಟ್ರೋಲ್ ಎಳೆಯುವ ಪುಟ್ಟ ಪಂಪು ಹಲ್ಲಿಯ ಹಾಗೆ ಲೊಚಗುಟ್ಟಿತು. ಆಮೇಲೆ ಇಂಜಿನ್ನು ಕೆಮ್ಮಿ, ಕೆಮ್ಮಿ, ಎದ್ದಿತು. ಕಲ್ಯಾಣದಿಂದ ಡೊಂಬಿವಲಿಯ ತನಕ ಅವಳೇ ಓಡಿಸಿಕೊಂಡು ಬಂದಳು. ರಿಕ್ಷಾದವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಬಿಲ್ಡಿಂಗಿನ ಗೇಟಿನಲ್ಲಿ ನಿಂತಿದ್ದ ಕಮಲಾಕ್ಷ ತುಳುವಿನಲ್ಲಿ, "ಉಂದು ದಾದ ಮಾರಾಯ್ತಿ?" ಎಂದ. ಇದೆಂಥದು ಎಂದು ಕೇಳಿದವನಿಗೆ ಅವಳು ಕೀಲಿ ತೋರಿಸಿದಳು.

"ಓಡಿಸ್ತಾ ಓಡಿಸ್ತಾ ಸರಿ ಮಾಡ್ತೇನೆ," ಎಂದಳು.

"ಇರುವುದೇ ಎರಡು ಸೀಟು. ನಾವು ಮೂವರು. ಯಾರನ್ನು ಬಿಟ್ಟು ಹೋಗುವುದು?"

ಮೊದಲ ಕೆಲವು ತಿಂಗಳು ಬಿಟ್ಟು ಹೋದದ್ದು ಅವನನ್ನೇ. ಕಾಲೇಜಿಗೆ ಹೋಗುವ ಮಗಳು ನಿಶಾ ಪಕ್ಕದಲ್ಲಿ ಕೂತು, ಪರಿಚಯದವರು ಕಂಡಾಗೆಲ್ಲ ತಲೆ ತಗ್ಗಿಸಿ, "ಮಮ್ಮಿ, ಸಬ್ ದೇಖ್ ರಹೇ ಹೈಂ!" ಎಂದು, ಎಲ್ಲರೂ ನೋಡುತ್ತಿರುವುದಕ್ಕೆ ನಾಚುತ್ತಿದ್ದಳು. ಒಂದು ಭಾನುವಾರ ನಿಶಾಳಿಗೆ ಜ್ವರ. ಸುಗುಣಾ ಒಬ್ಬಳೇ ಹೋಗುವುದು ಬೇಡವೆಂದು ಕಮಲಾಕ್ಷ ಹತ್ತಿದ. ಭಾರೀ ಆಳು, ಮೊಣಕಾಲು ಡ್ಯಾಶ್‌ಬೋರ್ಡಿಗೆ ಒತ್ತುತ್ತಿತ್ತು. ಶಿಳ್ ರಸ್ತೆಯಲ್ಲಿ, ಗದ್ದೆಗಳ ನಡುವೆ, ಸುಗುಣಾ ಕಾರು ನಿಲ್ಲಿಸಿ ಮುಂದಿನ ಗಾಜನ್ನು ಬಾನೆಟ್ಟಿನ ಮೇಲೆ ಮಡಚಿ ಮಲಗಿಸಿದಳು. ಮತ್ತೆ ಹೊರಟಾಗ ಗಾಳಿ ನೇರವಾಗಿ ಮುಖಕ್ಕೆ ಬಂತು. ಇಪ್ಪತ್ತು ವರ್ಷ ಒಲೆಗೂ ಗಲ್ಲಾಪೆಟ್ಟಿಗೆಗೂ ನಡುವೆ ನಿಂತಿದ್ದ ಮನುಷ್ಯ ಕಣ್ಣು ಮುಚ್ಚಿಕೊಂಡು ಜೋರಾಗಿ ನಗತೊಡಗಿದ. ಮುಂದಿನ ಭಾನುವಾರ ಊಟದ ಗಿರಾಕಿಗಳು ಖಾಲಿಯಾದದ್ದೇ, ಅವನು ಅಂಗಿ ಬದಲಿಸಿಕೊಂಡು ಕಾರಿನ ಪಕ್ಕ ನಿಂತಿದ್ದ.

ನಿಶಾ ಸಂತೋಷದಿಂದ ತನ್ನ ಸೀಟು ಬಿಟ್ಟುಕೊಟ್ಟಳು. ಎರಡು ವರ್ಷ ಹೀಗೇ ಸಾಗಿತು. ಒಂದು ತಿಂಗಳು ವೈರಿಂಗು, ಇನ್ನೊಂದು ತಿಂಗಳು ಕಾರ್ಬುರೇಟರು. ಬಾಗಿಲುಗಳು ಜೋತುಬೀಳುತ್ತಿದ್ದವು, ಬಣ್ಣ ಹಪ್ಪಳದಂತೆ ಎದ್ದಿತ್ತು. ಆದರೂ ಕಾರು ಓಡುತ್ತಿತ್ತು.

ಹಾಳಾದದ್ದು ಠಾಣೆ ನಗರದಲ್ಲಿ ನಡೆದ ಹಳೆಯ ಕಾರುಗಳ ಒಂದು ಪ್ರದರ್ಶನದಿಂದ. ಅಲ್ಲಿ ಸುಗುಣಾಳ ಕಾರಿನ ಪಕ್ಕ ಇನ್ನೊಂದು ಎಂಜಿ ಬಂದು ನಿಂತಿತು. ಮುಖ ನೋಡಿಕೊಳ್ಳುವಷ್ಟು ಹೊಳಪು. ಜನ ಅದರ ಜೊತೆ ಫೋಟೊ ತೆಗೆಸಿಕೊಂಡು, ಇವಳ ಕಾರಿನ ಮೇಲೆ ಚೀಲ ಇಟ್ಟರು. ಮರುದಿನದಿಂದಲೇ ಅವಳು ಒಳ್ಳೆಯ ಗ್ಯಾರೇಜು ಹುಡುಕತೊಡಗಿದಳು.

ಘೋಡಬಂದರ್ ರಸ್ತೆಯಲ್ಲಿ ಧರ್ಮಪಾಲ ಎಂಬ ಮಂಗಳೂರು ಕಡೆಯವನ ಗ್ಯಾರೇಜಿತ್ತು. ಅವನು ಕಾರಿನ ಸುತ್ತ ಬಂದು, ಮೈ ತಟ್ಟಿ ನೋಡಿ, "ಅಕ್ಕ, ಹೀಗೆ ತೇಪೆ ಹಾಕಿ ಪ್ರಯೋಜನ ಇಲ್ಲ. ಒಂದು ವರ್ಷ ನನ್ನ ಹತ್ತಿರ ಬಿಡಿ. ಪೂರ್ತಿ ಬಿಚ್ಚಿ ಹೊಸತು ಮಾಡಿ ಕೊಡ್ತೇನೆ," ಎಂದ.

"ಓಡ್ತಾ ಉಂಟಲ್ಲ, ಬಿಚ್ಚುವುದು ಯಾಕೆ?" ಎಂದು ಕಮಲಾಕ್ಷ ಕೇಳಿದ.

"ನಿಮಗೆ ಗೊತ್ತಾಗುವುದಿಲ್ಲ," ಎಂದಳು ಸುಗುಣಾ. ಕಾರು ಘೋಡಬಂದರಿಗೆ ಹೋಯಿತು.

ಧರ್ಮಪಾಲ ಕೆಟ್ಟವನಲ್ಲ. ಇಂಜಿನ್ನನ್ನು ಬಹಳ ಚೆನ್ನಾಗಿ ಮಾಡಿ, ಕಾರಿನ ಕಬ್ಬಿಣದ ಅಡಿಚೌಕಟ್ಟಾದ ಚಾಸಿಗೆ ಕೂರಿಸಿದ. ಆಮೇಲೆ ಮೈಯ ತಗಡು ಬಿಚ್ಚಿದಾಗ ಒಳಗಿನ ಮರದ ಚೌಕಟ್ಟು ನೆನೆಸಿದ ಬ್ರೆಡ್ಡಿನ ಹಾಗೆ ಕೈಗೆ ಬಂತು. ಆ ಕಾರಿಗೆ ಮೈ ನಿಲ್ಲುವುದೇ ಮರದ ಮೇಲೆ. ಅದನ್ನು ಮಾಡುವವರಿಗಾಗಿ ಅವನು ಹುಡುಕುತ್ತಿದ್ದಂತೆಯೇ ಗ್ಯಾರೇಜಿದ್ದ ಜಾಗ ಬಿಲ್ಡರ್ ಪಾಲಾಯಿತು. ಮಸ್ಕತ್ತಿನಲ್ಲಿ ಕೆಲಸ ಸಿಕ್ಕಿ, ಹೊರಡುವ ಮುಂಚೆ ಅವನೇ ಡೊಂಬಿವಲಿಗೆ ಬಂದು, ಕೊಟ್ಟ ಚಹಾ ಕುಡಿಯದೆ ಕೂತ. "ಬಿಚ್ಚಬಾರದಿತ್ತು ಅಕ್ಕ. ಆಸೆ ಆಯ್ತು," ಎಂದಷ್ಟೇ ಹೇಳಿದ.

ಕಾರು ಟೆಂಪೋದ ಹಿಂದೆ ಹಗ್ಗ ಕಟ್ಟಿಸಿಕೊಂಡು ಮನೆಗೆ ಬಂತು: ನಾಲ್ಕು ಚಕ್ರ, ಚಾಸಿ, ಇಂಜಿನ್ನು, ಸ್ಟಿಯರಿಂಗು. ಉಳಿದದ್ದೆಲ್ಲ ಗೋಣಿಚೀಲಗಳಲ್ಲಿ. ಆ ಮಳೆಗಾಲವಿಡೀ ಸುಗುಣಾ ಅತ್ತ ನೋಡಲಿಲ್ಲ. ಆಫೀಸಿನಿಂದ ಬಂದರೆ ಪಾರ್ಕಿಂಗಿನ ಕಡೆ ಬೆನ್ನು ಮಾಡಿ ಮೆಟ್ಟಿಲು ಹತ್ತುತ್ತಿದ್ದಳು. ಕಮಲಾಕ್ಷ ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಎಷ್ಟೋ ಸಲ ಅನಿಸಿತು.

ದಸರೆಯ ಆಸುಪಾಸಿನ ಒಂದು ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ಬಂದವಳಿಗೆ ಪಾರ್ಕಿಂಗಿನಲ್ಲಿ ಸೀಮೆಎಣ್ಣೆಯ ವಾಸನೆ ಹೊಡೆಯಿತು. ಕಮಲಾಕ್ಷ ಪಂಚೆ ಮೇಲೆ ಕಟ್ಟಿ, ಹೋಟೆಲಿನ ಇಡ್ಲಿ ತಟ್ಟೆಗಳನ್ನು ಸಾಲಾಗಿ ಹರಡಿಕೊಂಡು ಕೂತಿದ್ದ. ಒಂದೊಂದು ಗುಳಿಯಲ್ಲೂ ಒಂದೊಂದು ಜಾತಿಯ ಬೋಲ್ಟು. ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ ತೊಳೆಯುತ್ತಿದ್ದ.

"ಏನು ಮಾಡ್ತಿದ್ದೀರಿ?"

"ಕಾಣುವುದಿಲ್ವ? ಕಾರು ಕಟ್ಟಲಿಕ್ಕೆ ನನಗೆ ಬರುವುದಿಲ್ಲ. ಪಾತ್ರೆ ತೊಳೆಯಲಿಕ್ಕೆ ಬರ್ತದೆ."

"ಯಾವಾಗಿನಿಂದ?"

"ಸುಮಾರು ದಿನ ಆಯ್ತು. ಸಂಜೆಯ ತಿಂಡಿಗೆ ಮುಂಚೆ ಹೊತ್ತು ಇರ್ತದಲ್ಲ." ಅವನು ತಲೆಯೆತ್ತಲಿಲ್ಲ. "ಭಾನುವಾರ ಮನೆಯಲ್ಲಿ ಕೂತು ಕೂತು ಬೇಸರ ಬಂತು ಸುಗುಣಾ."

ಅವಳು ಚೀಲ ಕೆಳಗಿಟ್ಟು ಅವನ ಪಕ್ಕ ನೆಲದ ಮೇಲೆ ಕೂತಳು. ಒಂದು ಬೋಲ್ಟು ಕೈಗೆತ್ತಿಕೊಂಡು, "ಅವತ್ತು ನಿಮ್ಮ ಮಾತು ಕೇಳಬೇಕಿತ್ತು," ಎಂದಳು.

"ಆ ದೊಡ್ಡ ಬ್ರಶ್ ಕೊಡು ಇತ್ತ," ಎಂದ ಅವನು.

ಆ ದಿನ ಇಬ್ಬರೂ ಒಂದು ತೀರ್ಮಾನಕ್ಕೆ ಬಂದರು. ಕಾರು ಮೊದಲು ಓಡಬೇಕು, ಚೆಂದ ಆಮೇಲೆ. ಒಂದು ಕೆಲಸ ಹಿಡಿದರೆ ಅದು ಮುಗಿಯುವ ತನಕ ಇನ್ನೊಂದಕ್ಕೆ ಕೈ ಹಾಕುವ ಹಾಗಿಲ್ಲ.

ಮರದ ಕೆಲಸಕ್ಕೆ ಸಿಕ್ಕವನು ಮಾಪಣ್ಣ. ಕಲಬುರಗಿ ಕಡೆಯವನು, ಹೊಸ ಕಟ್ಟಡಗಳ ಸ್ಲ್ಯಾಬಿಗೆ ಹಲಗೆ ಬಡಿದು ಸೆಂಟ್ರಿಂಗ್ ಹೊಡೆಯುವ ಬಡಗಿ, ಕಮಲಾಕ್ಷನ ಹೋಟೆಲಿನ ಗಿರಾಕಿ. ಗೋಣಿಯಿಂದ ತೆಗೆದ ಕೊಳೆತ ತುಂಡುಗಳನ್ನು ನೋಡಿ ಅವನು ಹಿಂದೆ ಸರಿದ.

"ನಾ ಹೊಡಿಯೂದು ಫಳಿ ಅಕ್ಕಾರ. ಸ್ಲ್ಯಾಬ್ ಒಣಗಿದ ಮ್ಯಾಲ ಕಿತ್ತಿ ಒಗೀತೀವಿ. ಇದು ಅಲ್ಲೇ ಇರಬೇಕಾದದ್ದು. ನನಗ ಗೊತ್ತಿಲ್ರಿ."

"ನನಗೂ ಗೊತ್ತಿಲ್ಲ. ಇಬ್ಬರೂ ಸೇರಿ ಕಲಿಯುವ," ಎಂದಳು ಸುಗುಣಾ.

ಕೊಳೆಯದೆ ಉಳಿದಿದ್ದ ಎಡಬದಿಯ ತುಂಡುಗಳನ್ನು ಅಳೆದು ಅವಳು ಬಲಬದಿಯದನ್ನು ಬರೆದಳು. ಮೊದಲು ಮಾಡಿದ ಬಾಗಿಲ ಕಂಬ ಸ್ಕ್ರೂ ಹಾಕುವಾಗ ಉದ್ದಕ್ಕೆ ಸೀಳಿತು. ಎರಡನೆಯದು ಅವಳ ಡ್ರಾಯಿಂಗಿನ ತಪ್ಪಿನಿಂದ ಗಿಡ್ಡವಾಯಿತು. ಮಾಪಣ್ಣ ಅದನ್ನು ಕೈಯಲ್ಲಿ ಹಿಡಿದು, "ಇದು ಯಾವ ಕಾರಿಗಿ ಆಗ್ತದ್ರಿ?" ಎಂದು ಕೇಳಿದಾಗ ಮೂವರೂ ನಕ್ಕರು. ಮೂರನೆಯದು ಕೂತಿತು. ಹಾಗೆ ಬಿಡುವಾದಾಗಲೆಲ್ಲ ಅವನು ಬಂದು ಕೆಲಸ ಮುಂದುವರಿಸಿದ.

ಆದರೆ ಭಾನುವಾರಗಳು ಅಷ್ಟು ದಿನ ಕಾಯಲಿಲ್ಲ. ಬ್ರೇಕು, ಸ್ಟಿಯರಿಂಗು, ಪೆಟ್ರೋಲ್ ಟ್ಯಾಂಕು ಸರಿಯಾದದ್ದೇ, ಮೈಯೇ ಇಲ್ಲದ ಚಾಸಿಯ ಮೇಲೆ ಮಾಪಣ್ಣ ಎರಡು ಹಲಗೆ ಬಿಗಿದು, ಹೋಟೆಲಿನ ಎರಡು ಸ್ಟೂಲುಗಳನ್ನು ಅದಕ್ಕೆ ಮೊಳೆ ಹೊಡೆದು ಕೂರಿಸಿದ. ಭಾನುವಾರ ಮಧ್ಯಾಹ್ನ ಎಂಐಡಿಸಿಯ ರಸ್ತೆಗಳು ಖಾಲಿ ಇರುತ್ತವೆ. ಸುಗುಣಾ ಸೀರೆಯ ಸೆರಗು ಸಿಕ್ಕಿಸಿ ಒಂದು ಸ್ಟೂಲಿನಲ್ಲಿ ಕೂತಳು. ಕಮಲಾಕ್ಷ ಇನ್ನೊಂದರಲ್ಲಿ ಕೂತು, ಹಿಡಿಯಲು ಏನೂ ಸಿಗದೆ, ಸ್ಟೂಲಿನ ಅಂಚನ್ನೇ ಎರಡೂ ಕೈಯಲ್ಲಿ ಹಿಡಿದ.

ಕಾಲ ಕೆಳಗೆ ಡಾಂಬರು ಹರಿಯುವುದು ಕಾಣುತ್ತಿತ್ತು. ಇಂಜಿನ್ನು ಸರಾಗವಾಗಿ ಹಾಡುತ್ತಿತ್ತು. ಧರ್ಮಪಾಲನ ಕೈಯ ಕೆಲಸ. ಸುಗುಣಾ ಅವನನ್ನು ಮನಸ್ಸಿನಲ್ಲೇ ನೆನೆದಳು. ಬೀಗ ಹಾಕಿದ ಕಾರ್ಖಾನೆಗಳ ಎದುರು, ರಾಸಾಯನಿಕದ ಖಾರ ವಾಸನೆಯ ನಡುವೆ, ಅವರು ನಿಧಾನವಾಗಿ ಸುತ್ತಿದರು. ಒಂದು ಗೇಟಿನ ವಾಚ್‌ಮನ್ ಎದ್ದು ನಿಂತು ಸಲಾಂ ಹೊಡೆದ.

"ನಿಧಾನ," ಎಂದ ಕಮಲಾಕ್ಷ.

"ನಿಧಾನವೇ ಹೋಗ್ತಿದ್ದೇನೆ."

"ಹಾಗಾದರೆ ಸ್ವಲ್ಪ ಜೋರು."

ಒಂದು ವರ್ಷ ಕಳೆಯುವಷ್ಟರಲ್ಲಿ ಮೈ ಕೂತಿತು. ಮಡ್‌ಗಾರ್ಡುಗಳು ಒಂದೊಂದಾಗಿ ಬಂದವು. 1998ರ ಹೊತ್ತಿಗೆ ಎಡಗಡೆಯ ಬಾಗಿಲು ಇತ್ತು, ಬಲಗಡೆಯದು ಇರಲಿಲ್ಲ. ಅಲ್ಲಿ ಒಂದು ಚರ್ಮದ ಪಟ್ಟಿ. ಅರ್ಧ ಮೈ ಹಸಿರು, ಇನ್ನರ್ಧ ಪ್ರೈಮರಿನ ಕೆಂಪು. ಮೇಲಿನ ಹೊದಿಕೆಗೆ ಇನ್ನೂ ಸರದಿ ಬಂದಿರಲಿಲ್ಲ.

ಆ ಜೂನಿನ ಆರಂಭದಲ್ಲಿ ಒಂದು ಭಾನುವಾರ ಬೇಲಾಪುರದ ತನಕ ಹೋಗಿ ಬರೋಣವೆಂದು ಹೊರಟರು. ಶಿಳ್‌ಫಾಟಾ ದಾಟಿ ಮಹಾಪೆಯ ಏರಿನಲ್ಲಿದ್ದಾಗ ವರ್ಷದ ಮೊದಲ ಮಳೆ ಹಿಡಿಯಿತು. ಕಮಲಾಕ್ಷ ಕಾಲ ಬಳಿ ಇಟ್ಟಿದ್ದ ದೊಡ್ಡ ಕಪ್ಪು ಕೊಡೆ ಬಿಚ್ಚಿ ಇಬ್ಬರ ತಲೆಯ ಮೇಲೂ ಹಿಡಿದ.

"ದಾರಿ ಕಾಣುವುದಿಲ್ಲ, ಸ್ವಲ್ಪ ಎತ್ತಿ!" ಎಂದು ಸುಗುಣಾ ಕೂಗಿದಳು.

ಅವನು ಎತ್ತಿದ. ಏರಿನ ತುದಿಯಲ್ಲಿ ಕಾದಿದ್ದ ಗಾಳಿ ಕೊಡೆಯನ್ನು ಒಂದೇ ಏಟಿಗೆ ತಿರುಚಿ, ಅವನ ಕೈಯಿಂದ ಕಿತ್ತು, ಹಿಂದೆ ಬರುತ್ತಿದ್ದ ಲಾರಿಯ ಮೇಲಿಂದ ಹಾರಿಸಿಕೊಂಡು ಹೋಯಿತು. ಕಮಲಾಕ್ಷ ಖಾಲಿ ಕೈಯನ್ನು ನೋಡಿಕೊಂಡ.

"ನಿಲ್ಲಿಸಲಾ?" ಎಂದು ಅವಳು ಕೇಳಿದಳು.

"ಬೇಡ. ನಿಲ್ಲಿಸಿದರೂ ಒದ್ದೆ, ಹೋದರೂ ಒದ್ದೆ."

ಇಳಿಜಾರಿನಲ್ಲಿ ಅವಳು ಗೇರು ಇಳಿಸಿದಳು. ಬಾಗಿಲಿಲ್ಲದ ಬದಿಯಿಂದ ನೀರು ಒಳಗೆ ಎರಚಿ ಅವಳ ಸೀರೆಯ ಒಂದು ಮಗ್ಗುಲು ಪೂರ್ತಿ ಕೆಸರಾಯಿತು. ಬೇಲಾಪುರ ತಲುಪುವಷ್ಟರಲ್ಲಿ ಮಳೆ ನಿಂತಿತ್ತು. ರಸ್ತೆಬದಿಯ ಗಾಡಿಯೊಂದರ ಮುಂದೆ ನಿಲ್ಲಿಸಿ, ಬಿಸಿ ವಡಾ ಪಾವ್ ತೆಗೆದುಕೊಂಡು, ಇಂಜಿನ್ನಿನ ಶಾಖ ಬರುವ ಬಾನೆಟ್ಟಿಗೆ ಬೆನ್ನು ಕೊಟ್ಟು ಇಬ್ಬರೂ ಒಣಗುತ್ತ ನಿಂತರು. ಕಮಲಾಕ್ಷ ವಡೆಗೆ ಉಪ್ಪು ಕಡಿಮೆ ಎಂದ, ಆದರೂ ಇನ್ನೊಂದು ಕೇಳಿದ.